41 ಸಲ ಬರೆದ ಒಂದು ಸಾಲು

(ಇತ್ತೀಚೆಗೆ ಒಂದು ಸಣ್ಣ ಸಭೆಯಲ್ಲಿ ನಮ್ಮ ಗುರಿಗಳಿಗೆ ಹೊತ್ತು ಹೊಂದಿಸುವುದರ ಬಗ್ಗೆ ಮಾತಾಡಿದ್ದನ್ನು ಬರೆದು ಕೊಡಿ ಎಂದು ಕೆಲವರು ಕೇಳಿದರು. ಮಾತಾಡುವಾಗ ಅಲ್ಲಲ್ಲಿ ದಾರಿ ತಪ್ಪಿದ್ದನ್ನು ಸ್ವಲ್ಪ ಸರಿ ಮಾಡಿದ್ದೇನೆ. ಕೂತು ಕೇಳುತ್ತಿದ್ದವರು ನಡುವೆ ಹೇಳಿದ ಒಂದೆರಡು ಮಾತು ನನ್ನ ಮಾತಿಗಿಂತ ಚೆನ್ನಾಗಿದ್ದವು. ಅವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇದು ನನ್ನ ಹಳೆ ಡೈರಿ. ಕಳೆದ ವರ್ಷ ಕಪಾಟು ಖಾಲಿ ಮಾಡುವಾಗ ಸಿಕ್ಕಿತು. ರದ್ದಿಗೆ ಹಾಕುವ ಮೊದಲು ಸುಮ್ನೆ ತಿರುವಿ ನೋಡಿದೆ. ಒಂದು ಪುಟದಲ್ಲಿ "ಪರೀಕ್ಷೆಗೆ ಓದಲು ಶುರು ಮಾಡುವುದು" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಕೆಲಸದಲ್ಲಿ ಒಂದು ಮೆಟ್ಟಿಲು ಮೇಲೆ ಹೋಗಬೇಕಾದರೆ ಪಾಸ್ ಮಾಡಲೇಬೇಕಾದ ಪರೀಕ್ಷೆ ಅದು. ಮಾರನೇ ದಿನದ ಪುಟದಲ್ಲೂ ಅದೇ ಸಾಲು. ಅದರ ಮಾರನೇ ದಿನವೂ ಅದೇ. ಹತ್ತು ಹನ್ನೆರಡು ದಿನ ಆದ ಮೇಲೆ ಅಡಿಗೆರೆ ಮಾಯ. ಆಮೇಲೆ "ಪರೀಕ್ಷೆ ಓದು" ಅಂತ ಸಾಲು ಚಿಕ್ಕದಾಯಿತು. ಆಮೇಲೆ ಬರೀ "ಪ. ಓ." ಕೊನೆಕೊನೆಗೆ ಅಕ್ಷರವೂ ಇಲ್ಲ, ಹಿಂದಿನ ಪುಟದಿಂದ ಈ ಪುಟಕ್ಕೆ ಒಂದು ಬಾಣದ ಗುರುತು ಅಷ್ಟೇ. ಬಾಣಗಳನ್ನೂ ಸೇರಿಸಿ ಎಣಿಸಿದೆ. 41.

ನಿಮ್ಮಲ್ಲಿ ಎಷ್ಟು ಜನರ ಹತ್ತಿರ ಇಂಥ ಒಂದು ಸಾಲು ಇದೆ? ಕೈ ಎತ್ತಿ. (ಹೆಚ್ಚುಕಡಿಮೆ ಎಲ್ಲರೂ ಎತ್ತಿದರು. ಒಬ್ಬರು ಎರಡೂ ಕೈ ಎತ್ತಿದರು.)

ಈ ಡೈರಿಯಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಆ ಸಾಲಲ್ಲ. ಅದೇ ಪುಟಗಳಲ್ಲಿ ಇರುವ ಉಳಿದ ಸಾಲುಗಳು. ಬಿಲ್ ಕಟ್ಟಿದ್ದು, ಸರಿ ಗುರುತು. ಬಲ್ಬ್ ಬದಲಿಸಿದ್ದು, ಸರಿ ಗುರುತು. ಯಾರಿಗೋ ಫಾರ್ಮ್ ತುಂಬಿಕೊಟ್ಟಿದ್ದು, ಸರಿ ಗುರುತು. ಒಂದು ದಿನವಂತೂ ಹನ್ನೊಂದು ಕೆಲಸ ಮುಗಿಸಿದ್ದೇನೆ. ಆ 41 ದಿನ ನಾನು ಸೋಮಾರಿಯಾಗಿ ಬಿದ್ದಿರಲಿಲ್ಲ. ಬೆಳಗಿನಿಂದ ರಾತ್ರಿವರೆಗೆ ಓಡಾಡಿದ್ದೇನೆ. ಓಡಾಟಕ್ಕೆ ಡೈರಿಯೇ ಸಾಕ್ಷಿ. ಆದರೆ ಯಾವ ಕೆಲಸಕ್ಕೆಂದು ಡೈರಿ ಕೊಂಡೆನೋ ಅದೊಂದನ್ನು ಬಿಟ್ಟು ಬೇರೆಲ್ಲ ಮಾಡಿದ್ದೇನೆ.

ಯಾಕೆ ಹೀಗಾಗುತ್ತದೆ? ಬಿಲ್ ಕಟ್ಟದಿದ್ದರೆ ಯಾರೋ ಫೋನ್ ಮಾಡುತ್ತಾರೆ. ಫಾರ್ಮ್ ತುಂಬಿಕೊಡದಿದ್ದರೆ ಅವರು ಮತ್ತೆ ಬಂದು ಬಾಗಿಲು ತಟ್ಟುತ್ತಾರೆ. ಪುಸ್ತಕ ಮಾತ್ರ ಯಾವತ್ತೂ ಕರೆಯುವುದಿಲ್ಲ. ಮೂರು ವರ್ಷ ಮೇಜಿನ ಮೇಲೆ ಬಿದ್ದಿದ್ದರೂ ಒಂದು ಮಾತು ಆಡುವುದಿಲ್ಲ. ನಮ್ಮ ಸ್ವಂತ ಗುರಿಗಳ ಸ್ವಭಾವವೇ ಅದು. ಅವಕ್ಕೆ ಬಾಯಿಲ್ಲ.

ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ 1954ರಲ್ಲಿ ಒಂದು ಭಾಷಣದಲ್ಲಿ ಇದೇ ಅರ್ಥದ ಮಾತು ಹೇಳಿದ್ದರು. ತುರ್ತಿನ ವಿಷಯಗಳು ಮುಖ್ಯವಾಗಿರುವುದಿಲ್ಲ, ಮುಖ್ಯವಾದವು ಎಂದೂ ತುರ್ತಾಗಿರುವುದಿಲ್ಲ ಅಂತ. ಅದು ಅವರ ಸ್ವಂತ ಮಾತೂ ಅಲ್ಲ, ಒಬ್ಬ ಮಾಜಿ ಕಾಲೇಜು ಮುಖ್ಯಸ್ಥರು ಹೇಳಿದ್ದು ಎಂದು ಅವರೇ ಅಲ್ಲಿ ಹೇಳಿದ್ದಾರೆ. ಈಗ ಐಸೆನ್‌ಹೋವರ್ ಹೆಸರಿನಲ್ಲೇ ಕೆಲಸಗಳನ್ನು ವಿಂಗಡಿಸುವ ನಾಲ್ಕು ಮನೆಗಳ ಚೌಕ ಓಡಾಡುತ್ತಿದೆ. ಒಂದು ಕಡೆ ತುರ್ತು, ಇನ್ನೊಂದು ಕಡೆ ಮುಖ್ಯ. ನೀವೂ ನೋಡಿರುತ್ತೀರಿ. ನಾನೂ ಹಾಕಿ ನೋಡಿದೆ. ನನ್ನ ಎಲ್ಲ ಕೆಲಸವೂ "ತುರ್ತು ಮತ್ತು ಮುಖ್ಯ" ಅನ್ನುವ ಮನೆಯಲ್ಲೇ ಹೋಗಿ ಕೂತವು. ಬಲ್ಬ್ ಕೂಡ. ಚೌಕದ ತಪ್ಪಲ್ಲ ಬಿಡಿ. ಕೆಲಸ ಕಣ್ಣ ಮುಂದೆ ಇರುವಾಗ ಅದು ದೊಡ್ಡದಾಗಿಯೇ ಕಾಣುತ್ತದೆ.

ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. 2018ರಲ್ಲಿ ಮೆಂಗ್ ಝು, ಯಾಂಗ್ ಯಾಂಗ್, ಕ್ರಿಸ್ಟೋಫರ್ ಸೀ ಎಂಬ ಮೂವರು ಸಂಶೋಧಕರು ಪ್ರಕಟಿಸಿದ ಪ್ರಯೋಗಗಳವು. ಜನರ ಮುಂದೆ ಎರಡು ಕೆಲಸ ಇಟ್ಟರು. ಒಂದರಲ್ಲಿ ಲಾಭ ಜಾಸ್ತಿ, ಗಡುವು ದೂರ. ಇನ್ನೊಂದರಲ್ಲಿ ಲಾಭ ಕಡಿಮೆ, ಗಡುವು ಹತ್ತಿರ. ಎರಡಕ್ಕೂ ಹಿಡಿಯುವ ಹೊತ್ತು ಒಂದೇ. ಆದರೂ ಗಡುವು ಹತ್ತಿರ ಅನ್ನುವ ಒಂದೇ ಕಾರಣಕ್ಕೆ ಎಷ್ಟೋ ಜನ ಕಡಿಮೆ ಲಾಭದ್ದನ್ನೇ ಆರಿಸಿದರು. ನಾವು ತುಂಬಾ ಬ್ಯುಸಿ ಎಂದುಕೊಳ್ಳುವವರಲ್ಲಿ ಈ ಚಾಳಿ ಇನ್ನೂ ಜಾಸ್ತಿ ಕಂಡಿತು. ಆರಿಸುವ ಹೊತ್ತಿನಲ್ಲೇ ಯಾವುದರಿಂದ ಎಷ್ಟು ಸಿಗುತ್ತದೆ ಎಂದು ನೆನಪಿಸಿದಾಗ ಚಾಳಿ ಕಡಿಮೆಯಾಯಿತು. ನನ್ನ ಡೈರಿಗೆ ಇದಕ್ಕಿಂತ ಒಳ್ಳೆ ವಿವರಣೆ ಸಿಗಲಿಲ್ಲ.

ಸರಿ, ನಾನು ಅದರಿಂದ ಹೊರಗೆ ಬಂದದ್ದು ಹೇಗೆ? ಒಬ್ಬ ಸಹೋದ್ಯೋಗಿ ಕೇಳಿದ ಒಂದು ಪ್ರಶ್ನೆಯಿಂದ. ಪರೀಕ್ಷೆ ಬರೀತೀನಿ, ಆರು ತಿಂಗಳಲ್ಲಿ ಮುಗಿಸ್ತೀನಿ ಅಂತ ನಾನು ಕೊಚ್ಚಿಕೊಳ್ಳುತ್ತಿದ್ದೆ. ಅವರು ಕೇಳಿದ್ದು ಒಂದೇ: "ಯಾವಾಗ ಓದ್ತೀರಿ?"

"ಟೈಮ್ ಸಿಕ್ಕಾಗ" ಅಂದೆ.

"ಯಾವತ್ತು ಸಿಗುತ್ತೆ?"

ನನಗೆ ಸಿಟ್ಟು ಬಂತು. ಮನೆಗೆ ಬಂದು ಅವರು ತಪ್ಪು ಎಂದು ತೋರಿಸಲು ಲೆಕ್ಕ ಹಾಕಲು ಕೂತೆ. ಆ ಲೆಕ್ಕವನ್ನು ಈಗ ಇಲ್ಲೇ ಹಲಗೆ ಮೇಲೆ ಮಾಡೋಣ.

ವಾರಕ್ಕೆ 168 ಗಂಟೆ. ದಿನಕ್ಕೆ 8 ಗಂಟೆ ನಿದ್ದೆ ಅಂದರೆ 56 ಹೋಯಿತು, 112 ಉಳಿಯಿತು. ಕೆಲಸ, ಹೋಗಿಬರುವ ದಾರಿ ಸೇರಿ ದಿನಕ್ಕೆ 10 ಗಂಟೆಯಂತೆ ಐದು ದಿನಕ್ಕೆ 50. ಉಳಿದದ್ದು 62. ಅಡುಗೆ, ಊಟ, ಸ್ನಾನ, ಬಟ್ಟೆ, ಮನೆ ಗುಡಿಸಿ ಒರೆಸುವುದು, ಇವಕ್ಕೆಲ್ಲ ದಿನಕ್ಕೆ 4 ಗಂಟೆ, ಅಂದರೆ 28. ಉಳಿದದ್ದು 34.

ಇಷ್ಟು ಬರೆದಾಗ ನನಗೆ ಖುಷಿಯಾಯಿತು. 34 ಗಂಟೆ! ಹಾಗಾದರೆ ತೊಂದರೆ ಎಲ್ಲಿದೆ ಅಂತ.

(ಇಲ್ಲಿ ಎರಡನೇ ಸಾಲಿನಲ್ಲಿದ್ದ ಒಬ್ಬರು ತಡೆದರು. ಅವರೂ ತಮ್ಮ ಲೆಕ್ಕ ಹಾಕಿಕೊಂಡಿದ್ದರು. "ನನ್ನದು 6 ಬಂತು" ಎಂದರು. ಮನೆಯಲ್ಲಿ ಚಿಕ್ಕ ಮಗು, ಹಾಸಿಗೆ ಹಿಡಿದಿರುವ ಹಿರಿಯರು. "ಆ 6 ಗಂಟೆಯೂ ಒಟ್ಟಿಗೆ ಇಲ್ಲ, ಹತ್ತತ್ತು ನಿಮಿಷದ ಚೂರು.")

ಇವರ ಮಾತು ಕೇಳಿಸಿಕೊಳ್ಳಿ. "ದಿನಕ್ಕೆ ಎಲ್ಲರಿಗೂ 24 ಗಂಟೆಯೇ" ಅನ್ನುವ ಮಾತನ್ನು ವೇದಿಕೆ ಮೇಲೆ ನಿಂತು ಎಷ್ಟೋ ಜನ ಹೇಳುತ್ತಾರೆ. ನನಗೆ ಅದು ಅರ್ಧ ಸುಳ್ಳು ಅನಿಸುತ್ತದೆ. ಎಲ್ಲರಿಗೂ 24 ಗಂಟೆ ಇರುತ್ತದೆ, ನಿಜ. ಆದರೆ ಅದರಲ್ಲಿ ತಮ್ಮದು ಎಂದು ಹೇಳಿಕೊಳ್ಳುವಷ್ಟು ಎಲ್ಲರಿಗೂ ಒಂದೇ ಅಲ್ಲ. 34 ಇರುವವರ ಯೋಜನೆಯನ್ನು 6 ಇರುವವರ ಮೇಲೆ ಹೊರಿಸಬಾರದು. 6 ಇದ್ದರೆ 6ಕ್ಕೆ ತಕ್ಕ ಗುರಿ. ಹಾಸಿಗೆ ಇದ್ದಷ್ಟೇ ಕಾಲು ಚಾಚು ಅನ್ನುವುದು ದುಡ್ಡಿನ ವಿಷಯದಲ್ಲಿ ನಮಗೆ ಗೊತ್ತು. ಹೊತ್ತಿನ ವಿಷಯದಲ್ಲಿ ಮರೆತುಬಿಡುತ್ತೇವೆ.

ನನ್ನ 34ಕ್ಕೆ ವಾಪಸ್ ಬರುತ್ತೇನೆ. ಅದು ಕಾಗದದ ಮೇಲಿನ ಲೆಕ್ಕ. ಅಸಲಿ ಲೆಕ್ಕ ಬೇಕಲ್ವಾ? ಒಂದು ವಾರ ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಂಡೆ. ಗಂಟೆಗೊಮ್ಮೆ ಏನು ಮಾಡಿದೆ ಎಂದು ಎರಡು ಪದ ಬರೆಯುವುದು. ಆ ವಾರದ ಮಂಗಳವಾರ ಸಂಜೆ ಹೀಗಿತ್ತು. 7ಕ್ಕೆ ಮನೆಗೆ ಬಂದೆ. 7:10ಕ್ಕೆ ಐದು ನಿಮಿಷ ಕೂರೋಣ ಎಂದು ಕೂತೆ. ಕೈಗೆ ಫೋನ್ ಬಂತು. 7:55ಕ್ಕೆ ಎದ್ದೆ. ಅಡುಗೆ, ಊಟ. 9:10ಕ್ಕೆ ಪುಸ್ತಕ ತೆಗೆಯಬೇಕು ಅನ್ನುವಾಗ ಮೇಜು ಗಲೀಜಾಗಿ ಕಂಡಿತು. ಒರೆಸಿದೆ. ಒರೆಸುವಾಗ ಹಳೆ ರಸೀದಿಗಳು ಸಿಕ್ಕವು, ಅವನ್ನು ತಾರೀಖಿನ ಪ್ರಕಾರ ಜೋಡಿಸಿದೆ. ಮೂರು ವರ್ಷದ ರಸೀದಿ! 10:20ಕ್ಕೆ ಚೀಟಿಯಲ್ಲಿ ಬರೆದಿದ್ದೇನೆ: "ಸುಸ್ತು. ನಾಳೆ."

ಆ ರಸೀದಿಗಳು ಇವತ್ತಿಗೂ ಯಾರಿಗೂ ಬೇಕಾಗಿಲ್ಲ.

ವಾರದ ಕೊನೆಗೆ ಕೂಡಿಸಿದಾಗ 34ರಲ್ಲಿ ಬಹುಪಾಲು ಹೀಗೇ ಪುಡಿಪುಡಿಯಾಗಿ ಹೋಗಿತ್ತು. ಅದರಲ್ಲಿ ಒಂದಿಷ್ಟು ನನಗೆ ಬೇಕಾದದ್ದೇ. ಮಾತು, ಹರಟೆ, ಸುಮ್ನೆ ಕೂರುವುದು. ಅದನ್ನೆಲ್ಲ ಕಿತ್ತುಹಾಕಿ ಓದಿಗೆ ಕೊಡುತ್ತೇನೆ ಅಂದರೆ ಎರಡನೇ ವಾರಕ್ಕೇ ಮುರಿದುಬೀಳುತ್ತದೆ ಎಂದು ಗೊತ್ತಿತ್ತು. ಎಷ್ಟು ಕಿತ್ತರೆ ಮನಸ್ಸಿಗೆ ನೋವಾಗದು ಎಂದು ಲೆಕ್ಕ ಹಾಕಿದೆ. ವಾರಕ್ಕೆ 5 ಗಂಟೆ.

ಈಗ ನಿಜವಾದ ಲೆಕ್ಕ ಬರುತ್ತದೆ. ಆ ಪರೀಕ್ಷೆಗೆ ಎಷ್ಟು ಓದಬೇಕು? ಮೊದಲೇ ಪಾಸಾಗಿದ್ದ ಇಬ್ಬರನ್ನು ಕೇಳಿದೆ. ಇಬ್ಬರೂ ಹೆಚ್ಚುಕಡಿಮೆ 300 ಗಂಟೆ ಅಂದರು. 300ನ್ನು 5ರಿಂದ ಭಾಗಿಸಿ. 60 ವಾರ. ನಾನು ಊರಿಗೆಲ್ಲ ಹೇಳಿಕೊಂಡು ಬಂದದ್ದು ಆರು ತಿಂಗಳು, ಅಂದರೆ 26 ವಾರ. ಮಗ್ಗಿ ಬರುವ ಮಗು ಮಾಡುವ ಲೆಕ್ಕ ಇದು. ಇದನ್ನು ಮಾಡದೆ ತಿಂಗಳುಗಟ್ಟಲೆ ನನ್ನನ್ನು ನಾನೇ ಬೈದುಕೊಂಡಿದ್ದೆ.

60 ವಾರ ಎಂದು ಬರೆದ ಮೇಲೆ ಎರಡೇ ದಾರಿ. ಒಂದೋ 60 ವಾರ ಎಂದು ಒಪ್ಪಿಕೊಳ್ಳಬೇಕು. ಇಲ್ಲವೋ ಬೇರೆ ಏನನ್ನಾದರೂ ಬಿಟ್ಟು 5ನ್ನು 8 ಮಾಡಬೇಕು. ಆದ್ಯತೆ ಅನ್ನುವ ಪದದ ನಿಜವಾದ ಅರ್ಥ ನನಗೆ ತಿಳಿದದ್ದು ಆವತ್ತು. ಕೆಲಸಗಳಿಗೆ 1, 2, 3 ಎಂದು ನಂಬರ್ ಹಾಕುವುದು ಸುಲಭ. ಹತ್ತಕ್ಕೂ ಹಾಕಬಹುದು. ಪಟ್ಟಿಗೆ ತಳವೇ ಇಲ್ಲ. ವಾರಕ್ಕೆ ತಳ ಇದೆ. ಆಗ ನನ್ನ ಪಟ್ಟಿಯಲ್ಲಿ ಪರೀಕ್ಷೆಯ ಜೊತೆ ಇನ್ನೂ ಮೂರು ಗುರಿ ಇದ್ದವು: ಒಂದು ಹೊಸ ಭಾಷೆ ಕಲಿಯುವುದು, ಕೊಳಲು ಕಲಿಯುವುದು, ಈಜು ಕಲಿಯುವುದು. ನಾಲ್ಕಕ್ಕೂ 5 ಗಂಟೆ ಹಂಚಿದರೆ ಒಂದೊಂದಕ್ಕೆ ಒಂದೂಕಾಲು ಗಂಟೆ. ಎರಡು ದೋಣಿ ಮೇಲೆ ಕಾಲಿಟ್ಟವನ ಕಥೆ ನಮಗೆಲ್ಲ ಗೊತ್ತು, ನಾನು ನಾಲ್ಕರ ಮೇಲೆ ನಿಂತಿದ್ದೆ.

ಮೂರನ್ನು ಬಿಟ್ಟೆ. ಬಿಟ್ಟೆ ಎಂದು ಬಾಯಲ್ಲಿ ಹೇಳಿದರೆ ಮನಸ್ಸು ಕೇಳುವುದಿಲ್ಲ, ಒಳಗೊಳಗೇ ಕೊರೆಯುತ್ತದೆ. ಅದಕ್ಕೆ ಡೈರಿಯ ಕೊನೆಯ ಪುಟದಲ್ಲಿ "ಈಗಲ್ಲ" ಎಂದು ತಲೆಬರಹ ಹಾಕಿ ಮೂರನ್ನೂ ಬರೆದೆ. ಪ್ರತಿಯೊಂದರ ಪಕ್ಕ ಮತ್ತೆ ಯಾವ ತಿಂಗಳು ನೋಡುತ್ತೇನೆ ಎಂದೂ ಬರೆದೆ. ಅಲ್ಲಿ ಬರೆದ ಮೇಲೆ ಕೊಳಲು ನನ್ನನ್ನು ಕಾಡಲಿಲ್ಲ. ನೀವು ಮನೆಗೆ ಹೋಗಿ ಇವತ್ತೇ ಮಾಡಬಹುದಾದ ಕೆಲಸ ಕೇಳಿದರೆ ನಾನು ಹೇಳುವುದು ಈ ಪುಟವನ್ನೇ.

ಇನ್ನು ಆ 60 ವಾರ. ಅದನ್ನಾದರೂ ನಂಬಬಹುದೇ?

ಇಲ್ಲ. ಡ್ಯಾನಿಯಲ್ ಕಾನಮನ್ ಅವರ ಕಥೆ ಕೇಳಿ. ಮನುಷ್ಯರು ಅಂದಾಜು ಹಾಕುವಾಗ ಹೇಗೆ ಎಡವುತ್ತಾರೆ ಎಂದು ಜೀವನಪೂರ್ತಿ ಅಧ್ಯಯನ ಮಾಡಿದವರು, 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. 1970ರ ದಶಕದಲ್ಲಿ ಇಸ್ರೇಲ್‌ನಲ್ಲಿ ಅವರು ಶಾಲೆಗಳಿಗೆ ಒಂದು ಪಠ್ಯಕ್ರಮ ಬರೆಯುವ ತಂಡ ಕಟ್ಟಿದರು. ವಿಷಯ ಯಾವುದು ಗೊತ್ತಾ? ಸರಿಯಾಗಿ ನಿರ್ಧಾರ ತೆಗೆದುಕೊಳ್ಳುವುದು ಹೇಗೆ ಎಂಬುದೇ! ಇನ್ನೆಷ್ಟು ದಿನ ಬೇಕು ಎಂದು ಒಮ್ಮೆ ಎಲ್ಲರಿಂದಲೂ ಚೀಟಿಯಲ್ಲಿ ಬರೆಸಿದರು. ಎಲ್ಲರ ಅಂದಾಜೂ ಎರಡು ವರ್ಷದ ಆಸುಪಾಸಿನಲ್ಲಿತ್ತು. ತಂಡದಲ್ಲಿ ಪಠ್ಯಕ್ರಮದ ಪರಿಣತರೊಬ್ಬರಿದ್ದರು, ಅವರ ಅಂದಾಜೂ ಅಷ್ಟೇ. ಆಮೇಲೆ ಅವರನ್ನು ಬೇರೆ ರೀತಿ ಕೇಳಿದರು. ನಿಮಗೆ ಗೊತ್ತಿರುವ ಇಂಥ ಬೇರೆ ತಂಡಗಳಿಗೆ ಎಷ್ಟು ಹಿಡಿಯಿತು? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ನೂರಕ್ಕೆ ಸುಮಾರು 40 ತಂಡಗಳು ಮುಗಿಸಲೇ ಇಲ್ಲ, ಮುಗಿಸಿದವಕ್ಕೆ 7ರಿಂದ 10 ವರ್ಷ ಹಿಡಿಯಿತು. ಅದೇ ಮನುಷ್ಯ, ಅದೇ ತಲೆ. ಕೆಲವೇ ನಿಮಿಷ ಮುಂಚೆ ಎರಡು ವರ್ಷ ಎಂದು ಬರೆದಿದ್ದರು. ಕೊನೆಗೆ ಆ ಕೆಲಸ ಮುಗಿದದ್ದು 8 ವರ್ಷಕ್ಕೆ.

ನಮ್ಮ ಕೆಲಸವನ್ನು ಒಳಗಿನಿಂದ ನೋಡಿದರೆ ಎಲ್ಲ ನೆಟ್ಟಗೆ ಕಾಣುತ್ತದೆ. ಜ್ವರ, ನೆಂಟರು, ಕರೆಂಟು ಹೋಗುವುದು ಯಾವುದೂ ಕಾಣುವುದಿಲ್ಲ. ಕಾನಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1979ರಲ್ಲಿ ಇದಕ್ಕೊಂದು ಹೆಸರನ್ನೂ ಕೊಟ್ಟರು, ಯೋಜನೆಯ ಭ್ರಮೆ ಎನ್ನಬಹುದು. 1994ರಲ್ಲಿ ಬ್ಯೂಲರ್, ಗ್ರಿಫಿನ್, ರಾಸ್ ಎಂಬ ಮೂವರು ಇದನ್ನು ವಿದ್ಯಾರ್ಥಿಗಳ ಮೇಲೆ ನೋಡಿದರು. ನಿಮ್ಮ ಪ್ರಬಂಧ ಮುಗಿಯಲು ಎಷ್ಟು ದಿನ ಬೇಕು ಎಂದು ಕೇಳಿದಾಗ ಬಂದ ಸರಾಸರಿ 33.9 ದಿನ. ಎಲ್ಲವೂ ಕೆಟ್ಟು ಹೋದರೆ? 48.6 ದಿನ. ನಿಜವಾಗಿ ಹಿಡಿದದ್ದು 55.5 ದಿನ. ಎಲ್ಲ ಕೆಟ್ಟರೆ ಎಂದು ಹಾಕಿದ ಅಂದಾಜನ್ನೂ ಮೀರಿತು.

ಅದಕ್ಕೆ ಅಂದಾಜು ಹಾಕುವಾಗ ನಿಮ್ಮ ಹುರುಪನ್ನು ಕೇಳಬೇಡಿ, ನಿಮ್ಮ ಹಳೆ ಡೈರಿಯನ್ನು ಕೇಳಿ. ಹಿಂದಿನ ಸಲ ಇಂಥದ್ದೇ ಕೆಲಸಕ್ಕೆ ಎಷ್ಟು ದಿನ ಹಿಡಿಯಿತು? ಅದೇ ಈ ಸಲಕ್ಕೂ. "ಈ ಸಲ ಹಾಗಾಗಲ್ಲ" ಎಂದು ಒಳಗಿನಿಂದ ಒಂದು ದನಿ ಬರುತ್ತದೆ. ಹಿಂದಿನ ಸಲವೂ ಅದು ಬಂದಿತ್ತು.

ಈಗ ನನ್ನ 5 ಗಂಟೆಗೆ ಜಾಗ ಬೇಕು. ವಾರದಲ್ಲಿ ಎಲ್ಲೋ ಐದು ಗಂಟೆ ಅಂದರೆ ಅದು ಮತ್ತೆ ರಸೀದಿಗಳ ಪಾಲಾಗುತ್ತದೆ. ಮಂಗಳವಾರ ಮತ್ತು ಗುರುವಾರ ರಾತ್ರಿ 8:15ರಿಂದ 9:30. ಭಾನುವಾರ ಬೆಳಿಗ್ಗೆ 6:30ರಿಂದ 9. ಕೂಡಿಸಿ, ಸರಿಯಾಗಿ 5 ಬರುತ್ತದೆ. ಡೈರಿಯ ಸಾಲೂ ಬದಲಾಯಿತು. "ಪ. ಓ." ಹೋಗಿ "ಮಂಗಳವಾರ, ಊಟದ ತಟ್ಟೆ ತೊಳೆದಿಟ್ಟ ತಕ್ಷಣ, ಕಿಟಕಿ ಪಕ್ಕದ ಮೇಜು, ಪುಟ 1ರಿಂದ 6" ಎಂದಾಯಿತು. ಫೋನ್ ಪಕ್ಕದ ಕೋಣೆಯಲ್ಲಿ. ಸೋಮವಾರ ರಾತ್ರಿಯೇ ಪುಸ್ತಕವನ್ನು ಆ ಪುಟಕ್ಕೆ ತೆರೆದು, ಮೇಲೆ ಪೆನ್ನಿಟ್ಟು ಮಲಗುತ್ತಿದ್ದೆ. ನೋಡಲು ಪೆದ್ದುತನ. ಆದರೆ ಮಂಗಳವಾರ ಸುಸ್ತಾಗಿ ಬಂದಾಗ ತಲೆ ಓಡಿಸುವ ಅಗತ್ಯವೇ ಇರಲಿಲ್ಲ. ತಲೆ ಓಡಿಸುವ ಕೆಲಸ ಸೋಮವಾರವೇ ಮುಗಿದಿರುತ್ತಿತ್ತು.

ಪೀಟರ್ ಗೋಲ್ವಿಟ್ಸರ್ ಎಂಬ ಮನೋವಿಜ್ಞಾನಿ ಇದರ ಮೇಲೆಯೇ ಬಹಳ ವರ್ಷ ಕೆಲಸ ಮಾಡಿದ್ದಾರೆ. "ಇಂಥದ್ದು ಆದ ತಕ್ಷಣ ಇಂಥದ್ದು ಮಾಡುತ್ತೇನೆ" ಎಂದು ಮೊದಲೇ ಕಟ್ಟಿಟ್ಟರೆ ಕೆಲಸ ಆಗುವ ಸಂಭವ ಜಾಸ್ತಿ ಎನ್ನುವುದು ಅವರ ವಾದ. 2002ರಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಪ್ರಯೋಗದಲ್ಲಿ ವಿದ್ಯಾರ್ಥಿಗಳು ವಾರಕ್ಕೆ ಒಮ್ಮೆಯಾದರೂ 20 ನಿಮಿಷ ವ್ಯಾಯಾಮ ಮಾಡಬೇಕಿತ್ತು. ಸುಮ್ಮನೆ ಬಿಟ್ಟ ಗುಂಪಿನಲ್ಲಿ ನೂರಕ್ಕೆ 38 ಜನ ಮಾಡಿದರು. ವ್ಯಾಯಾಮ ಎಷ್ಟು ಒಳ್ಳೆಯದು ಎಂದು ಓದಿಸಿ ಹುರಿದುಂಬಿಸಿದ ಗುಂಪಿನಲ್ಲಿ 35. ಅದನ್ನು ಓದಿಸಿ, ಜೊತೆಗೆ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಎಂದೂ ಬರೆಸಿಕೊಂಡ ಗುಂಪಿನಲ್ಲಿ 91. ಹುರಿದುಂಬಿಸುವ ಭಾಷಣಕ್ಕೆ ಎಷ್ಟು ಬೆಲೆ ಎಂದು ಇದರಿಂದ ಗೊತ್ತಾಗುತ್ತದೆ. ನಾನೂ ಈಗ ಭಾಷಣವನ್ನೇ ಮಾಡುತ್ತಿದ್ದೇನೆ ಅನ್ನುವುದು ಬೇರೆ ಮಾತು.

ಆ್ಯಪ್‌ಗಳ ಬಗ್ಗೆ ಯಾರೋ ಚೀಟಿ ಕಳಿಸಿದ್ದಾರೆ. ಯಾವುದಾದರೂ ಆದೀತು. ಬಣ್ಣಬಣ್ಣದ ಪೆನ್ನು, 25 ನಿಮಿಷಕ್ಕೆ ಗಂಟೆ ಹೊಡೆಯುವ ಪೊಮೊಡೊರೊ, ಎಲ್ಲ ನಾನೂ ಮಾಡಿದ್ದೇನೆ. ಪೊಮೊಡೊರೊ ಅಂದರೆ ಇಟಾಲಿಯನ್ ಭಾಷೆಯಲ್ಲಿ ಟೊಮೆಟೊ. ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬವರು ವಿದ್ಯಾರ್ಥಿಯಾಗಿದ್ದಾಗ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಓದುತ್ತಿದ್ದರು, ಅದಕ್ಕೇ ಆ ಹೆಸರು. ಕೂತ ಮೇಲೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕೂರಿಸುವುದು ಮಾತ್ರ ಅದರ ಕೈಲಾಗುವುದಿಲ್ಲ.

ಇನ್ನೊಂದು ಚೀಟಿ: "ಎರಡು ವಾರ ಚೆನ್ನಾಗಿ ನಡೆಯುತ್ತೆ, ಒಂದು ದಿನ ತಪ್ಪಿದರೆ ಪೂರ್ತಿ ನಿಂತುಹೋಗುತ್ತೆ, ಏನು ಮಾಡುವುದು?" ಆರಂಭಶೂರತನ ಎಂದು ಹಿರಿಯರು ಇದನ್ನೇ ಬೈಯುತ್ತಿದ್ದರು. ನನಗೂ ಆಗಿದೆ. ಹನ್ನೊಂದನೇ ವಾರ ಜ್ವರ ಬಂತು. ಮೂರು ಸರದಿಯೂ ತಪ್ಪಿತು. ಹನ್ನೆರಡನೇ ವಾರದ ಮಂಗಳವಾರ, ಹೋದ ವಾರದ 5 ಗಂಟೆಯನ್ನೂ ಸೇರಿಸಿ ಈ ವಾರ 10 ಗಂಟೆ ಓದಬೇಕು ಎಂದುಕೊಂಡೆ. ನೋಡಿ, ಕೆಟ್ಟದ್ದು ಅಲ್ಲಿ. ಆ 10 ನೋಡಿಯೇ ಕೈಕಾಲು ತಣ್ಣಗಾಗಿ ಆ ವಾರವೂ ಕೂರಲಿಲ್ಲ. ಆಮೇಲೆ ಒಂದು ನಿಯಮ ಮಾಡಿಕೊಂಡೆ. ತಪ್ಪಿದ ಸರದಿ ಸತ್ತುಹೋಯಿತು. ಅದರ ಸಾಲ ತೀರಿಸುವಂತಿಲ್ಲ. ಮುಂದಿನದಕ್ಕೆ ಕೂರುವುದು ಅಷ್ಟೇ.

ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು ಜನರಿಗೆ ಹೊಸ ಅಭ್ಯಾಸ ಅಂಟಿಕೊಳ್ಳಲು ಎಷ್ಟು ದಿನ ಬೇಕು ಎಂದು ನೋಡಿದ್ದಾರೆ. 2010ರಲ್ಲಿ ಅದು ಅಚ್ಚಾಯಿತು. ಸರಾಸರಿ 66 ದಿನ, ಆದರೆ ಒಬ್ಬೊಬ್ಬರಿಗೆ ಒಂದೊಂದು, 18ರಿಂದ 254ರವರೆಗೆ. 21 ದಿನದಲ್ಲಿ ಎಲ್ಲ ಆಗುತ್ತದೆ ಅನ್ನುವ ಮಾತನ್ನು ನಂಬಿ 22ನೇ ದಿನ ಬೇಜಾರು ಮಾಡಿಕೊಳ್ಳಬೇಡಿ. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲ ಎಂಬುದೂ ಅದರಲ್ಲೇ ಇದೆ.

(ಕೊನೆಗೆ ಒಬ್ಬ ಹುಡುಗ ಎದ್ದು ನಿಂತು, "ಪರೀಕ್ಷೆ ಏನಾಯಿತು?" ಎಂದು ಕೇಳಿದ. ಅಷ್ಟು ಹೊತ್ತು ಮಾತಾಡಿ ಅದನ್ನೇ ಹೇಳಿರಲಿಲ್ಲ.)

ಪಾಸಾಯಿತು. 60 ವಾರ ಎಂದುಕೊಂಡದ್ದಕ್ಕೆ 77 ವಾರ ಹಿಡಿಯಿತು. ಹತ್ತಿರದ ನೆಂಟರ ಒಂದು ಕಾಯಿಲೆ, ಮನೆ ಬದಲಾಯಿಸಿದ್ದು, ನನಗೆ ಯಾವತ್ತೂ ತಲೆಗೆ ಹತ್ತದ ಒಂದು ಅಧ್ಯಾಯ, ಎಲ್ಲ ಅದರಲ್ಲಿ ಸೇರಿದೆ.

"ಈಗ ಯಾವ ಸಾಲು ಬರೀತಾ ಇದ್ದೀರಿ?" ಎಂದು ಅವನೇ ಮತ್ತೆ ಕೇಳಿದ. ಬ್ಯಾಗಿನಿಂದ ಈ ವರ್ಷದ ಡೈರಿ ತೆಗೆದು ತೋರಿಸಿದೆ. ಈಜು. ಇವತ್ತಿಗೆ ಒಂಬತ್ತು ಸಲ ಆಗಿದೆ, ಈಗಾಗಲೇ "ಈ." ಎಂದು ಚಿಕ್ಕದಾಗಿದೆ. ಅವನ ಮುಂದೆಯೇ ಪೆನ್ನು ತೆಗೆದು ಶನಿವಾರ ಬೆಳಿಗ್ಗೆ 7 ಎಂದು ಬರೆಯಲು ಹೋದೆ. ಶನಿವಾರದ ಪುಟದಲ್ಲಿ ಜಾಗ ಇರಲಿಲ್ಲ. ಅಲ್ಲಿದ್ದ ಎರಡು ಸಾಲಿನಲ್ಲಿ ಯಾವುದನ್ನು ಹೊಡೆದುಹಾಕಲಿ ಎಂದು ಅವನನ್ನೇ ಕೇಳಿದೆ.